ಇಪ್ಪತ್ತೊಂದು ದಿನದ ಮುನಿಸು

ನಮ್ಮ ಊರಿನಲ್ಲಿ ಅತ್ತೆಯ ಮಣೆ ಖಾಲಿ ಇರಬಾರದು. ಮಾವನ ಮಣೆ ಖಾಲಿ ಇದ್ದರೆ ಚಿಂತೆಯಿಲ್ಲ. ಮಾವ ಬದುಕಿದ್ದಾಗಲೂ ಅದು ಹೆಚ್ಚುಕಡಿಮೆ ಖಾಲಿಯೇ ಎಂದು ಇಲ್ಲಿನ ಹೆಂಗಸರು ಹೇಳುತ್ತಾರೆ. ಆದರೆ ಅತ್ತೆ ತೀರಿಕೊಂಡರೆ ಹದಿಮೂರು ದಿನದೊಳಗೆ ನಂಟುಗಾರ ಚೆಲುವಯ್ಯನವರು ಕೆರೆಯಿಂದ ಒಂದು ಬಾತುಕೋಳಿಯನ್ನು ಎತ್ತಿ ತರುತ್ತಾರೆ. ಅದರ ಕಾಲು ತೊಳೆದು, ಅಡುಗೆಮನೆಯ ಬಾಗಿಲ ಪಕ್ಕದ ಮಣೆಯ ಮೇಲೆ ಕೂರಿಸಿ, ಕಿವಿ ಇರಬಹುದಾದ ಜಾಗ ನೋಡಿಕೊಂಡು ತೀರಿಕೊಂಡವರ ಹೆಸರನ್ನು ಮೂರು ಸಲ ಹೇಳುತ್ತಾರೆ. ಆಮೇಲೆ ಅದು ಬಾತುಕೋಳಿಯಲ್ಲ, ಆ ಮನೆಯ ಅತ್ತೆ. ‘ಅದು’ ಎಂದೂ ಹೇಳುವ ಹಾಗಿಲ್ಲ. ‘ಅವರು’ ಎನ್ನಬೇಕು.

ನಾನು ಈ ಊರಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ದೋಣಿಯಿಂದ ಇಳಿದು, ಸೇರು ಒದ್ದು ಒಳಗೆ ಬಂದ ಕೂಡಲೇ ನನ್ನ ಗಂಡ ಮಾದೇಶ ಕಿವಿಯ ಹತ್ತಿರ ಬಗ್ಗಿ, “ನಮ್ಮಮ್ಮ. ಕಾಲು ಮುಟ್ಟು,” ಎಂದ. ಮಣೆಯ ಮೇಲೆ ಕಂದು ಬಣ್ಣದ ಒಂದು ಬಾತುಕೋಳಿ ಕತ್ತು ಓರೆ ಮಾಡಿ ನನ್ನ ಮೂಗುತಿಯನ್ನು ನೋಡುತ್ತಿತ್ತು. ಪದ್ಧತಿ ಏನೆಂದರೆ, ಎರಡೂ ಕೈಯಿಂದ ಅತ್ತೆಯ ಪಾದ ಮುಟ್ಟಿ ಆ ಕೈಗಳನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ದಿನಾ ಬೆಳಿಗ್ಗೆ ಸೊಸೆಯ ಮೊದಲ ಕೆಲಸ ಅದು, ಆಮೇಲೇ ಒಲೆ. ಆ ಕಿತ್ತಳೆ ಬಣ್ಣದ ಒದ್ದೆ ಪಾದ ಮುಟ್ಟಿದ ಬೆರಳು ನನ್ನ ಕಣ್ಣಿಗೆ ತಾಗಬಾರದೆಂದು ನಾನು ಕನ್ನಡಕದ ಗಾಜಿಗೇ ಒತ್ತಿಕೊಂಡೆ. ಯಾರೂ ಗಮನಿಸಲಿಲ್ಲ. ಮರುದಿನವೂ ಹಾಗೆಯೇ ಮಾಡಿದೆ, ಆಮೇಲೆ ಅದೇ ರೂಢಿಯಾಯಿತು.

ಮೊದಲ ವರ್ಷವೆಲ್ಲ ನಾನು ಮನಸ್ಸಿನೊಳಗೆ ಅವರನ್ನು ಹಕ್ಕಿ ಎಂದೇ ಕರೆಯುತ್ತಿದ್ದೆ. ಬಾಯಿಬಿಟ್ಟು ಅನ್ನುವಂತಿರಲಿಲ್ಲ. ಈ ಊರಿನಲ್ಲಿ ಹಕ್ಕಿ ಎಂದರೆ ಕೊಕ್ಕರೆ, ಗಿಡುಗ, ಕಾಗೆ. ಒಂದು ಮನೆಯ ಅತ್ತೆಯನ್ನು ಹಕ್ಕಿ ಅಂದರೆ ಆ ಮನೆಯಲ್ಲಿ ಮತ್ತೆ ಕುಡಿಯಲು ನೀರೂ ಸಿಗುವುದಿಲ್ಲ. ಎರಡನೆಯ ವರ್ಷ ನನ್ನ ತಾಯಿ ತೀರಿಕೊಂಡರೆಂದು ಕಾಗದ ಬಂತು. ಕಾಗದ ಕೈಗೆ ಸಿಗುವ ಹೊತ್ತಿಗೆ ಎಲ್ಲ ಮುಗಿದು ಎಂಟು ದಿನವಾಗಿತ್ತು. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ಅತ್ತೆ ಕೆರೆಯಿಂದ ಬಂದರು, ನನ್ನನ್ನು ಒಂದು ಸುತ್ತು ಹಾಕಿದರು, ನನ್ನ ಬಲಗಾಲಿನ ಮೇಲೆ ಹತ್ತಿ ಕೂತರು. ಕಾಲು ಜೋಮು ಹಿಡಿದರೂ ನಾನು ಅಲುಗಲಿಲ್ಲ, ಸಂಜೆಯವರೆಗೂ ಅವರೂ ಅಲುಗಲಿಲ್ಲ. ಆವತ್ತಿನಿಂದ ಯಾರ ಒತ್ತಾಯವೂ ಇಲ್ಲದೆ ಅವರು ನನಗೆ ಅತ್ತೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ತಪ್ಪು ದಡ್ಡತನದ್ದಲ್ಲ, ಸಲಿಗೆಯದು ಎಂದು ನಿಮಗೆ ತಿಳಿಯಲಿ ಎಂದು.

ಈ ಸಲ ಸಂಕ್ರಾಂತಿ ಕಳೆದು ಕೆರೆಗೆ ಬಡಗಣ ದೇಶದ ಹಕ್ಕಿಗಳು ಬಂದವು. ಎರಡು ವಾರಕ್ಕೆ ಪಕ್ಕದ ಮನೆಯ ಸಣ್ಣೀರಮ್ಮನಿಗೆ ಕಣ್ಣು ಕೆಂಪಾಗಿ, ಜ್ವರ ಏರಿ, ಕೆಮ್ಮು ಹಿಡಿಯಿತು. ನಾನು ಊರಿನ ಆಸ್ಪತ್ರೆಯ ಲ್ಯಾಬ್ ನೋಡಿಕೊಳ್ಳುವವಳು. ಊರವರಿಗೆ ನಾನು ಲ್ಯಾಬಮ್ಮ. ಸಣ್ಣೀರಮ್ಮನ ಗಂಟಲಿನಿಂದಲೂ ಕಣ್ಣಿನಿಂದಲೂ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಆಚೆ ದಡದ ದೊಡ್ಡ ಲ್ಯಾಬಿಗೆ ಕಳಿಸಿದೆ. ಉತ್ತರ ಬರುವುದರೊಳಗೆ ಇನ್ನೂ ಹತ್ತು ಜನಕ್ಕೆ ಅದೇ ಕೆಂಗಣ್ಣು, ಅದೇ ಜ್ವರ. ಉತ್ತರ ಬಂದಾಗ ಜೊತೆಗೆ ಅಲ್ಲಿಂದ ಸಾಂಕ್ರಾಮಿಕ ರೋಗಗಳ ಡಾಕ್ಟರ್ ಪಾರ್ಶ್ವನಾಥರೂ ಬಂದರು. ಹಕ್ಕಿಗಳಲ್ಲಿ ಮಾತ್ರ ಕಂಡಿದ್ದ ಒಂದು ಹೊಸ ಜ್ವರದ ವೈರಸ್ ಇದೇ ಮೊದಲ ಬಾರಿಗೆ ಮನುಷ್ಯರಲ್ಲಿ ಕಂಡಿತ್ತು, ಅದೂ ಒಂದೇ ಊರಿನಲ್ಲಿ ಹನ್ನೊಂದು ಜನರಲ್ಲಿ.

ಪಾರ್ಶ್ವನಾಥರು ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಎಲ್ಲೂ ಕೂರುತ್ತಿರಲಿಲ್ಲ. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟು, ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ನಿಂತುಕೊಂಡೇ ಹೋಗುತ್ತಿದ್ದರು. “ಮೇಡಂ, ಒಂದೇ ಪ್ರಶ್ನೆ,” ಎಂದರು ನನಗೆ. “ಇದು ಹಕ್ಕಿಯಿಂದ ಮನುಷ್ಯರಿಗೆ ಬಂತೋ, ಮನುಷ್ಯರಿಂದ ಮನುಷ್ಯರಿಗೆ ಬಂತೋ? ಹಕ್ಕಿಯಿಂದ ಅಂದರೆ ಈ ಊರಿನ ಕಷ್ಟ. ಮನುಷ್ಯರಿಂದ ಅಂದರೆ ಲೋಕದ ಕಷ್ಟ.”

ಅವರ ಹತ್ತಿರ ನಾಲ್ಕು ಪುಟದ ಒಂದು ನಮೂನೆ ಇತ್ತು. ಅವರು ಕೇಳುವುದು, ನಾನು ಬರೆದುಕೊಳ್ಳುವುದು. ಸಣ್ಣೀರಮ್ಮ ದಿಂಬಿಗೆ ಒರಗಿ ಕೂತು ಉತ್ತರ ಕೊಟ್ಟಳು. ಜ್ವರದಲ್ಲೂ ಅವಳ ನಾಲಿಗೆಗೆ ಆಯಾಸವಿರಲಿಲ್ಲ.

“ಹತ್ತು ದಿನದಲ್ಲಿ ಯಾವುದಾದರೂ ಹಕ್ಕಿ ಮುಟ್ಟಿದ್ರಾ ತಾಯಿ?”

“ಹಕ್ಕೀನಾ? ಆಕಾಶದಲ್ಲಿರೋದನ್ನ ಮುಟ್ಟೋಕೆ ನಾನೇನು ತೆಂಗಿನಮರವಾ ಡಾಕ್ಟ್ರೇ?”

“ಸಾಕಿದ ಕೋಳಿ, ಬಾತುಕೋಳಿ ಏನಾದರೂ?”

“ಅವನ್ನೆಲ್ಲ ಸಾಕೋ ಪದ್ಧತಿ ನಮ್ಮೂರಲ್ಲಿ ಇಲ್ಲ.”

“ಮನೇಲಿ ನಿಮಗಿಂತ ಮುಂಚೆ ಯಾರಿಗಾದರೂ ಹುಷಾರು ತಪ್ಪಿತ್ತಾ?”

“ನಮ್ಮತ್ತೆಗೆ. ನಾಲ್ಕು ದಿನ ಮೂಗಲ್ಲಿ ಒಂದೇ ಸಮ ನೀರು. ಪಾಪ, ಒರೆಸ್ಕೊಳ್ಳೋಕೂ ಆಗ್ತಿರಲಿಲ್ಲ. ಈ ಸೆರಗಲ್ಲೇ ಒರೆಸಿದೆ. ಗಂಜಿ ನಾನೇ ಬಾಯಿಗೆ ಬಿಟ್ಟೆ.”

ಡಾಕ್ಟರು ನನ್ನ ಕಡೆ ನೋಡಿದರು. ಮುಖ ಕವಚದ ಹಿಂದೆ ಅವರ ಹುಬ್ಬು ಏರಿತ್ತು. “ಈಗ ಹೇಗಿದ್ದಾರೆ ನಿಮ್ಮತ್ತೆ?”

“ಗುಂಡುಕಲ್ಲು ಇದ್ದಂಗವ್ರೆ. ಬೆಳಿಗ್ಗೆನೇ ಕೆರೆಗೆ ಹೋದ್ರಂತೆ.”

“ಸ್ನಾನಕ್ಕೆ?”

“ಈಜೋಕೆ.”

“ವಯಸ್ಸು?”

“ಮಣೆಗೆ ಬಂದು ಮೂರು ವರ್ಷ. ಅದಕ್ಕೆ ಮುಂಚೆ ಎಪ್ಪತ್ತೆರಡು.”

ಡಾಕ್ಟರು ಬಾಯಲ್ಲೇ ಕೂಡಿ “ಎಪ್ಪತ್ತೈದು” ಎಂದರು. ನಾನು ಎಪ್ಪತ್ತೈದು ಎಂದು ಬರೆದೆ.

“ಈ ವಯಸ್ಸಲ್ಲಿ, ಜ್ವರ ಬಿಟ್ಟ ಮೇಲೆ ಈಜ್ತಾರಾ?”

“ತಲೆ ಮುಳುಗಿಸಿ ಮೀನೂ ಹಿಡೀತಾರೆ,” ಎಂದಳು ಸಣ್ಣೀರಮ್ಮ, ತುಸು ಹೆಮ್ಮೆಯಿಂದ.

ಹನ್ನೊಂದು ಜನರೂ ಇದನ್ನೇ ಹೇಳಿದರು. ಹಕ್ಕಿ ಮುಟ್ಟಿಲ್ಲ. ಅತ್ತೆಗೆ ಸೀನು, ಮೂಗಲ್ಲಿ ನೀರು, ಮಂಕು. ಸೇವೆ ಮಾಡಿದ್ದು ತಾನೇ. ವಾರ್ಡಿನಿಂದ ಹೊರಗೆ ಬಂದು ಡಾಕ್ಟರು ಕೈಗವಸು ಬಿಚ್ಚುತ್ತ, “ಮೇಡಂ, ಈ ಊರಿನ ಮುದುಕಿಯರ ಆರೋಗ್ಯದ ಮೇಲೆ ಬೇರೆಯೇ ಒಂದು ಅಧ್ಯಯನ ಆಗಬೇಕು,” ಎಂದರು. ಆಮೇಲೆ ದನಿ ತಗ್ಗಿಸಿದರು. “ಹನ್ನೊಂದಕ್ಕೆ ಹನ್ನೊಂದು. ಅತ್ತೆಯಿಂದ ಸೊಸೆಗೆ. ಇದು ಮನುಷ್ಯರಿಂದಲೇ ಹರಡ್ತಿದೆ.”

ನಾನು ಕೋಷ್ಟಕ ಹಾಕಿ ತೋರಿಸಿದೆ. ರೋಗಿಗಳೆಲ್ಲ ಸೊಸೆಯಂದಿರು. ಒಬ್ಬ ಗಂಡಸೂ ಇಲ್ಲ, ಒಂದು ಮಗುವೂ ಇಲ್ಲ. ಅಂಕಣಗಳನ್ನು ಸ್ಕೇಲಿಟ್ಟು ಎಳೆದಿದ್ದೆ, ಕೂಡಿದ್ದು ಕಳೆದದ್ದು ಎಲ್ಲ ಸರಿಯಾಗಿತ್ತು. ‘ಅತ್ತೆ’ ಎಂಬ ಪದದ ಕೆಳಗೆ ಹನ್ನೊಂದು ಸಲ ಗೀಟು ಹಾಕಿದ್ದೆ. ಕನ್ನಡಕವನ್ನು ಮೂಗಿನ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುವವರನ್ನು ಕಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ. ಇನ್ನು ಮುಂದೆ ನಗುವುದಿಲ್ಲ.

ಡಾಕ್ಟರು ಲೆಕ್ಕಾಚಾರದ ಮನುಷ್ಯ. ಸೋಮವಾರದಿಂದ ನಲವತ್ತು ದಿನ ದೋಣಿ ನಿಲ್ಲಿಸಬೇಕು, ವರದಿಯನ್ನು ಮೇಲಕ್ಕೆ ಕಳಿಸಬೇಕು, ಕಾಯಿಲೆ ಬಿದ್ದಿದ್ದ ಅತ್ತೆಯರನ್ನು ಆಚೆ ದಡದ ಡೇರೆಯಲ್ಲಿ ಪ್ರತ್ಯೇಕ ಇರಿಸಬೇಕು ಎಂದು ಅಂದೇ ತೀರ್ಮಾನಿಸಿದರು. ಆ ವಾರ ನಮ್ಮ ಅತ್ತೆಯೂ ಎರಡು ಸಲ ಸೀನಿದ್ದರು. ಮುಚ್ಚಿಡುವುದು ಸರಿಯಲ್ಲವೆಂದು ನಾನೇ ಅವರ ಹೆಸರನ್ನು ಹನ್ನೆರಡನೆಯದಾಗಿ ಪಟ್ಟಿಗೆ ಸೇರಿಸಿದೆ.

ಭಾನುವಾರ ಬೆಳಿಗ್ಗೆ ದೊಡ್ಡ ದೋಣಿ ಬಂತು. ಅದರಲ್ಲಿ ಹನ್ನೆರಡು ಮಂಚ, ಹನ್ನೆರಡು ಬಿಳಿ ಹಾಸು, ಹನ್ನೆರಡು ಊರುಗೋಲು, ಹಲ್ಲಿನ ಸೆಟ್ಟು ನೆನೆಸಿಡಲು ಹನ್ನೆರಡು ಪ್ಲಾಸ್ಟಿಕ್ ಡಬ್ಬಿ. ಡಾಕ್ಟರು ಎಲ್ಲವನ್ನೂ ಯೋಚಿಸಿದ್ದರು. ದಡದ ಮೇಲೆ ನಾವು ಸಾಲಾಗಿ ನಿಂತಿದ್ದೆವು. ಜ್ವರ ಬಿಟ್ಟು ಮನೆಗೆ ಬಂದಿದ್ದ ಸೊಸೆಯಂದಿರು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ತಂತಮ್ಮ ಅತ್ತೆಯನ್ನು ಕಂಕುಳಲ್ಲಿ ಎತ್ತಿಕೊಂಡಿದ್ದರು. ಏಳಲಾಗದವರ ಅತ್ತೆಯರನ್ನು ನೆರೆಯವರು ಬುಟ್ಟಿಯಲ್ಲಿ ತಂದಿದ್ದರು. ನಮ್ಮ ಅತ್ತೆ ನನ್ನ ಶಾಲಿನೊಳಗೆ ಬೆಚ್ಚಗಿದ್ದರು.

ಡಾಕ್ಟರು ಗಡಿಯಾರ ನೋಡಿ, “ಎಲ್ಲಿ ಅತ್ತೆಯರು? ತಡ ಆಗ್ತಿದೆ,” ಎಂದರು.

“ಬಂದಿದೀವಲ್ಲ,” ಎಂದಳು ಸಣ್ಣೀರಮ್ಮ.

“ಸರಿ, ಕರೆದುಕೊಂಡು ಬನ್ನಿ. ಆ ಹಕ್ಕಿಗಳನ್ನ ಮಾತ್ರ ಇಲ್ಲೇ ಬಿಟ್ಟುಬಿಡಿ. ಅವು ದೋಣಿಗೆ ಬೇಡ.”

ಬುಟ್ಟಿಯೊಂದರೊಳಗೆ ಯಾರದೋ ಅತ್ತೆ ಒಮ್ಮೆ ಕ್ವಾಕ್ ಎಂದರು. ಸಣ್ಣೀರಮ್ಮ ಎರಡು ಹೆಜ್ಜೆ ಮುಂದೆ ಬಂದಳು. “ಯಾರನ್ನ ಹಕ್ಕಿ ಅಂದೆ?” ಡಾಕ್ಟ್ರೇ ಎಂಬ ಮಾತು ಅವಳ ಬಾಯಿಂದ ಉದುರಿಹೋಗಿತ್ತು.

ಡಾಕ್ಟರು ದಿಕ್ಕು ತೋಚದೆ ನನ್ನ ಕಡೆ ತಿರುಗಿದರು. “ಮೇಡಂ, ನೀವು ಓದಿದವರು. ನಿಮ್ಮ ಶಾಲಿನಲ್ಲಿ ಇರೋದೇನು?”

“ನಮ್ಮತ್ತೆ,” ಎಂದೆ. “ಎರಡು ಸಲ ಸೀನಿದರು...”

ಹೇಳುತ್ತಿದ್ದ ಹಾಗೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಹತ್ತು ವರ್ಷದಿಂದ ನನ್ನೊಳಗೆ ಮಲಗಿದ್ದ ಎಂ.ಎಸ್ಸಿ. ಹುಡುಗಿ ಎದ್ದು ಕೂತಳು. ಶಾಲಿನಿಂದ ಒಂದು ಕಂದು ಗರಿ ಜಾರಿ ನಮ್ಮಿಬ್ಬರ ನಡುವೆ ನೆಲಕ್ಕೆ ಇಳಿಯಿತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು.

“ಹನ್ನೆರಡೂ?” ಎಂದರು ಅವರು ಮೆಲ್ಲಗೆ.

“ಹನ್ನೆರಡೂ.”

ಪಾರ್ಶ್ವನಾಥರು ಮೊದಲ ಸಲ ಕೂತರು. ದೋಣಿಯಿಂದ ಇಳಿಸಿದ್ದ ಒಂದು ಮಂಚದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ, ನಗುತ್ತಿದ್ದರು. “ಮನುಷ್ಯರಿಂದ ಹರಡ್ತಿಲ್ಲ ಮೇಡಂ! ನಾಲ್ಕು ದಿನದಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ ನನಗೆ. ಇನ್ನೊಂದು ಗಂಟೆ ಕಳೆದಿದ್ದರೆ ಆ ವರದಿ ಹೊರಟುಹೋಗ್ತಿತ್ತು.” ಕಣ್ಣೊರೆಸಿಕೊಂಡು ಎದ್ದರು. ಆಮೇಲೆ ಬುಟ್ಟಿಗಳ ಕಡೆ ನೋಡಿದರು, ಮುಖದ ನಗು ಇಳಿಯಿತು. ಯಾಕೆ ಇಳಿಯಿತೆಂದು ನನಗೂ ಗೊತ್ತಿತ್ತು. ನಿಯಮದ ಪುಸ್ತಕವನ್ನು ನಾನೂ ಓದಿದ್ದೆ. ಹಕ್ಕಿಯಿಂದ ಸೋಂಕು ಬಂತೆಂದು ಖಚಿತವಾದ ಊರಿನಲ್ಲಿ ಸಾಕಿದ ಹಕ್ಕಿಗಳನ್ನು ಉಳಿಸುವ ಹಾಗಿಲ್ಲ.

ಮಂಚಗಳು ಖಾಲಿಯಾಗಿಯೇ ಆಚೆ ದಡಕ್ಕೆ ಹಿಂತಿರುಗಿದವು. ಎರಡು ದಿನ ನಾವಿಬ್ಬರೂ ಊರಿನ ಅರವತ್ತನಾಲ್ಕು ಮನೆಗೂ ಹೋದೆವು. ಹತ್ತೊಂಬತ್ತು ಮನೆಗಳಲ್ಲಿ ಅತ್ತೆ ಇನ್ನೂ ಹೆಂಗಸೇ. ಅಲ್ಲಿ ಯಾರಿಗೂ ಜ್ವರವಿಲ್ಲ. ಉಳಿದ ನಲವತ್ತೈದು ಅತ್ತೆಯರ ಮಾದರಿಯನ್ನೂ ತೆಗೆದು ಕಳಿಸಿದೆವು. ಹದಿನಾಲ್ಕು ಜನರಲ್ಲಿ ವೈರಸ್ ಇತ್ತು. ಅವರಲ್ಲಿ ಹನ್ನೊಂದು, ರೋಗಿಗಳ ಮನೆಯವರು. ಹನ್ನೆರಡನೆಯವರು ನಮ್ಮ ಅತ್ತೆ. ಹಾಗಾದರೆ ನನಗೂ ಇನ್ನಿಬ್ಬರು ಸೊಸೆಯರಿಗೂ ಜ್ವರ ಯಾಕೆ ಬರಲಿಲ್ಲ?

ಆ ಪ್ರಶ್ನೆ ಇಟ್ಟುಕೊಂಡು ಆ ಎರಡು ಮನೆಗೆ ಬೆಳಿಗ್ಗೆ ಒಲೆ ಹಚ್ಚುವ ಮುಂಚೆಯೇ ಹೋಗಿ ನಿಂತೆ. ಒಬ್ಬಳು ಸೊಸೆ ಅತ್ತೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಟಿಕ್ ಎಂದು ಸಣ್ಣ ಸದ್ದಾಯಿತು. ಅವಳಿಗೂ ಕನ್ನಡಕ. ಇನ್ನೊಬ್ಬಳಿಗೂ ಕನ್ನಡಕ. ವಿಜ್ಞಾನದಲ್ಲಿ ಮೂರು ದೊಡ್ಡ ಸಂಖ್ಯೆಯೇನಲ್ಲ, ಇದೊಂದರಿಂದಲೇ ಯಾವುದೂ ಸಿದ್ಧವಾಗುವುದಿಲ್ಲ. ಆದರೂ ಹನ್ನೊಂದು ಜೊತೆ ಕೆಂಪು ಕಣ್ಣುಗಳನ್ನೂ ಮೂರು ಕನ್ನಡಕಗಳನ್ನೂ ಪಕ್ಕಪಕ್ಕದಲ್ಲಿಟ್ಟಾಗ ದಾರಿ ಕಂಡಿತು. ವೈರಸ್ ಹೋಗುತ್ತಿದ್ದುದು ನಮ್ಮ ನಮಸ್ಕಾರದ ಮೂಲಕ. ಹನ್ನೊಂದು ವರ್ಷದ ಹಿಂದಿನ ನನ್ನ ಅಸಹ್ಯವೇ ನನ್ನನ್ನು ಕಾಪಾಡಿತ್ತು. ಇದರಿಂದ ನನಗೆ ಸಂತೋಷವಾಗಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ನಮೂನೆ ಮುಂದಿಟ್ಟರು. “ತಿದ್ದಬೇಕು ಮೇಡಂ. ನಿಮ್ಮ ಅಕ್ಷರದಲ್ಲೇ ಇದೆ, ನೀವೇ ತಿದ್ದಿ.”

ಹಾಗೇ ಬಿಟ್ಟಿದ್ದರೆ ಅತ್ತೆಯರು ಉಳಿಯುತ್ತಿದ್ದರೇನೋ. ಆದರೆ ಹಾಗೆ ಬಿಡುವುದೆಂದರೆ, ಎಲ್ಲೂ ಇಲ್ಲದ ರೋಗವೊಂದಕ್ಕೆ ಲೋಕವೆಲ್ಲ ಹೆದರಿ ಬಾಗಿಲು ಹಾಕಿಕೊಳ್ಳುವುದು. ಇಲ್ಲಿ ಸೊಸೆಯರು ದಿನಾ ಬೆಳಿಗ್ಗೆ ಅದೇ ಕೈಯನ್ನು ಅದೇ ಕಣ್ಣಿಗೆ ಒತ್ತಿಕೊಳ್ಳುತ್ತಲೇ ಇರುವುದು. ‘ಸೋಂಕಿನ ಮೂಲ’ ಎಂಬ ಕಡೆ ‘ಬಾತುಕೋಳಿ’ ಎಂದು ಬರೆದೆ. ಹನ್ನೊಂದು ಸಲ ಬರೆದೆ. ಪಕ್ಕದಲ್ಲೇ ಇನ್ನೊಂದು ಅಂಕಣವಿತ್ತು: ‘ರೋಗಿಗೂ ಮೂಲಕ್ಕೂ ಸಂಬಂಧ’. ಸಾಕುವವರು, ಮಾರುವವರು, ಕೊಯ್ಯುವವರು ಎಂದೇನಾದರೂ ತುಂಬಲಿ ಎಂದು ಇಟ್ಟದ್ದು. ನಾನು ಡಾಕ್ಟರ ಮುಖ ನೋಡಿದೆ. “ನಿಜ ಬರೀರಿ,” ಎಂದರು. ‘ಸೊಸೆ’ ಎಂದು ಬರೆದೆ.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಮಾದೇಶ ಜೊಂಡಿನ ಚಾಪೆ ಹೆಣೆಯುತ್ತ ಕೂತಿದ್ದವನು ತಲೆ ಎತ್ತಲಿಲ್ಲ. “ನಮ್ಮಮ್ಮನ್ನ ಹಕ್ಕಿ ಅಂತ ಬರೆದ್ಯಂತೆ.”

“ಬಾತುಕೋಳಿ ಅಂತ ಬರೆದೆ ಕಣ್ರೀ.”

“ಎರಡಕ್ಕೂ ಏನು ವ್ಯತ್ಯಾಸ?”

“ಈ ಊರಲ್ಲೇ ಹುಟ್ಟಿದ ನೀವು ಕೇಳಬೇಕಾದ ಪ್ರಶ್ನೆ ಅಲ್ಲ ಅದು,” ಎಂದೆ. ಅವನು ನಗಲಿಲ್ಲ. ಮಣೆಯ ಮೇಲೆ ಅತ್ತೆ ನನ್ನ ಕಡೆ ಬೆನ್ನು ಮಾಡಿ ಕೂತಿದ್ದರು. ದಿನವೂ ಹಾಗೇ ಕೂರುತ್ತಿದ್ದರೋ ಅಂದು ಮಾತ್ರವೋ, ನಾನು ಮುಂಚೆ ಎಂದೂ ಗಮನಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಚಾವಡಿಯಲ್ಲಿ ಊರು ಸೇರಿತು. ಡಾಕ್ಟರು ನಿಯಮದ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಅಳೆದು ತೂಗಿ ಮಾತಾಡಿದರು. “ಮೊಟ್ಟೆಗೆ, ಮಾಂಸಕ್ಕೆ, ಮಾರಾಟಕ್ಕೆ ಸಾಕಿದ ಹಕ್ಕಿಗಳನ್ನ ಕೊಲ್ಲಬೇಕು ಅಂತಿದೆ. ಇಲ್ಲಿ ಯಾರಾದರೂ ಮೊಟ್ಟೆ ತಿಂತೀರಾ?”

ಅಜ್ಜಿಯೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅತ್ತೆ ಮೊಟ್ಟೆಯನ್ನಾ! ಶಿವಶಿವಾ!” ಈ ವಿಷಯ ನಮ್ಮೂರಲ್ಲಿ ಯಾರೂ ಮಾತಾಡುವುದಿಲ್ಲ. ಮಣೆಯ ಕೆಳಗೆ ಸಿಕ್ಕರೆ ಸುಮ್ಮನೆ ತೆಗೆದುಕೊಂಡು ಹೋಗಿ ಕೆರೆಯ ಜೊಂಡಿನಲ್ಲಿ ಇಟ್ಟು ಬರುತ್ತೇವೆ.

“ಹಾಗಿದ್ದರೆ ಒಂದು ದಾರಿ ಇದೆ,” ಎಂದರು ಡಾಕ್ಟರು. “ಬೇರೆ ಕಾರಣಕ್ಕೆ ಇಟ್ಟುಕೊಂಡವನ್ನ ಇಪ್ಪತ್ತೊಂದು ದಿನ ಬೇಲಿಯೊಳಗೆ ಪ್ರತ್ಯೇಕ ಇಡಬಹುದು. ಕೆರೆಗೂ ಬಿಡುವ ಹಾಗಿಲ್ಲ. ಮನೆಯವರು ಮುಟ್ಟಬಾರದು. ಕೊನೆಗೆ ಪರೀಕ್ಷೆ ಮಾಡ್ತೀವಿ. ಸೋಂಕು ಹೋಗಿದ್ದರೆ ನಿಮ್ಮವರು ನಿಮಗೆ. ಉಳಿದಿದ್ದರೆ,” ಅವರು ನನ್ನ ಕಡೆ ನೋಡದೆ ಹೇಳಿದರು, “ಯಾರ ಮನೆಯದಾದರೂ ಬಿಡೋಕಾಗಲ್ಲ.”

ಚಾವಡಿಯಲ್ಲಿ ಗದ್ದಲ ಎದ್ದಿತು. ಅತ್ತೆಯ ಕಾಲು ಮುಟ್ಟದೆ ಒಲೆ ಹಚ್ಚುವುದು ಹೇಗೆ? ಮೈದಡವದೆ ಅವರು ಊಟ ಮಾಡಿಯಾರೇ? ಸೊಸೆ ಮುಟ್ಟದಿದ್ದರೆ ಮಣೆಯ ಮರ್ಯಾದೆ ಏನಾಗಬೇಕು? ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ನಂಟುಗಾರ ಚೆಲುವಯ್ಯನವರು ನಿಧಾನವಾಗಿ ಬಾಯಿ ಖಾಲಿ ಮಾಡಿಕೊಂಡು ಬಂದರು.

“ಅಲ್ರಪ್ಪಾ, ಅತ್ತೆ ಸೊಸೆ ಮುಟ್ಟದೆ, ಮುಖ ನೋಡದೆ ಇರೋಕೆ ನಮ್ಮಲ್ಲಿ ದಾರಿ ಇಲ್ವಾ? ಮುನಿಸು ಅಂತ ಒಂದಿಲ್ವಾ?”

ಮುನಿಸು ಇಲ್ಲದ ಮನೆ ಯಾವುದು? ಅತ್ತೆಗೆ ಸೊಸೆಯ ಮೇಲೆ ಮುನಿಸು ಬಂದರೆ ಮಣೆ ಹಿತ್ತಿಲಿಗೆ ಹೋಗುತ್ತದೆ. ನಮಸ್ಕಾರ ಇಲ್ಲ, ಮಾತು ಇಲ್ಲ. ಊಟವನ್ನು ಮಗ ಕೊಂಡೊಯ್ಯಬೇಕು, ಸುದ್ದಿಯನ್ನೂ ಅವನೇ ಮುಟ್ಟಿಸಬೇಕು. ಇದರಿಂದ ಅತ್ತೆಯ ಮರ್ಯಾದೆ ಕುಂದುವುದಿಲ್ಲ, ಒಂದು ಗುಲಗಂಜಿ ಹೆಚ್ಚುತ್ತದೆ.

“ಸುಮ್ಮಸುಮ್ಮನೆ ಮುನಿಸು ಹೂಡೋಕಾಗುತ್ತಾ?” ಎಂದಳು ಸಣ್ಣೀರಮ್ಮ. “ಒಂದು ಕಾರಣ ಬೇಡವಾ?”

ಚೆಲುವಯ್ಯನವರು ಕೋಲೆತ್ತಿ ನನ್ನನ್ನು ತೋರಿಸಿದರು. “ಈ ಲ್ಯಾಬಮ್ಮ ಅತ್ತೆಯರನ್ನ ಹಕ್ಕಿ ಅಂತ ಸರ್ಕಾರಿ ಕಾಗದದಲ್ಲಿ ಬರೆದವಳೆ. ಇದಕ್ಕಿಂತ ಕಾರಣ ಬೇಕಾ?”

ಮೊದಲು ನಕ್ಕದ್ದು ಮಾದೇಶ. ಅವನು ನಕ್ಕ ಮೇಲೆ ಉಳಿದವರಿಗೆ ದಾರಿಯಾಯಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ಹೀಗೆ ಆ ಶುಕ್ರವಾರದಿಂದ ನಮ್ಮೂರಿನ ನಲವತ್ತೈದು ಅತ್ತೆಯರು ಒಟ್ಟಾಗಿ ಮುನಿಸಿಕೊಂಡರು.

ಮುನಿಸಿನ ದಿನಗಳಲ್ಲಿ ಊರಿನ ಗಂಡಸರನ್ನು ನೋಡಬೇಕಿತ್ತು. ಡಾಕ್ಟರು ಎಲ್ಲರಿಗೂ ಕೈಗವಸು, ಮುಖಗವಸು, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಹಂಚಿದ್ದರು. ಜನ್ಮದಲ್ಲಿ ಪೊರಕೆ ಹಿಡಿಯದವರು ಅತ್ತೆಯ ಜಾಗ ಗುಡಿಸಿ, ಬ್ಲೀಚಿಂಗ್ ಪುಡಿ ಚೆಲ್ಲಿ, ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದರು. ಹೆಂಗಸರು ಜಗುಲಿಯ ಮೇಲೆ ಕೂತು, “ಮೂಲೇಲಿ ಬಿಟ್ಟೆ ನೋಡು, ಮೂಲೇಲಿ!” ಎಂದು ಕೂಗುತ್ತಿದ್ದರು. ಮಾದೇಶ ನುಚ್ಚಿನ ತಟ್ಟೆ ಹಿಡಿದು ಹಿತ್ತಿಲಿನ ಬೇಲಿಯ ಹತ್ತಿರ ಹೋಗಿ, “ಅಮ್ಮಾ, ನಿನ್ನ ಸೊಸೆ ಕಳಿಸವಳೆ. ಉಪ್ಪು ಹಾಕಿಲ್ಲ ಅಂತ ಹೇಳು ಅಂದ್ಲು,” ಎನ್ನುವುದು ನನಗೆ ಅಡುಗೆಮನೆಗೆ ಕೇಳುತ್ತಿತ್ತು. ಆಮೇಲೆ ಅವನು ಬೇಗ ಒಳಗೆ ಬರುವುದು ಬಿಟ್ಟ. ಒಂದು ದಿನ ಕೇಳಿದರೆ, “ನಮ್ಮಮ್ಮ ಇದ್ದಾಗ ನಾನು ಇಷ್ಟು ಮಾತು ಆಡಿರಲಿಲ್ಲ ಕಣೇ,” ಎಂದ. ಯಾವ ಅಮ್ಮ ಇದ್ದಾಗ ಎಂದು ನಾನು ಕೇಳಲಿಲ್ಲ.

ಮಾದರಿ ತೆಗೆಯುವುದು ಮಾತ್ರ ನನ್ನ ಕೆಲಸವೇ. ಮುನಿಸಿನಲ್ಲಿ ಸೊಸೆ ಹತ್ತಿರ ಹೋಗಬಹುದೇ ಎಂಬ ಪ್ರಶ್ನೆ ಬಂದಾಗ ಚೆಲುವಯ್ಯನವರು, “ಆ ಬಿಳಿ ಚೀಲದೊಳಗೆ ಮುಖ ಕಾಣ್ತದಾ? ಕಾಣದಿದ್ದರೆ ಅವಳು ಸೊಸೆ ಅಲ್ಲ,” ಎಂದು ತೀರ್ಪು ಕೊಟ್ಟರು. ಹನ್ನೊಂದನೆಯ ದಿನ ಬಿಳಿ ಉಡುಪು ತೊಟ್ಟು ನಮ್ಮ ಹಿತ್ತಿಲಿಗೆ ಹೋದೆ. ಅತ್ತೆಗೆ ನನ್ನ ಗುರುತು ಸಿಗಲಿಲ್ಲ. ಕೊಕ್ಕು ಬಿಡಿಸಿ ಗಂಟಲಿಗೆ ಕಡ್ಡಿ ಹಾಕಿದಾಗ ನನ್ನ ಕೈಗವಸನ್ನು ಕಚ್ಚಿದರು. ಅವರ ಎದೆ ನನ್ನ ಅಂಗೈಯಲ್ಲಿ ಡವಡವ ಎನ್ನುತ್ತಿತ್ತು. ಕಡ್ಡಿಯನ್ನು ಕೊಳವೆಗೆ ಇಳಿಸಿ, ಮುಚ್ಚಳ ತಿರುಗಿಸಿ, ಮೇಲೆ ಅತ್ತೆಯ ಹೆಸರು ಬರೆದೆ.

ಹದಿನಾಲ್ಕನೆಯ ದಿನ ಫಲಿತಾಂಶ ಬಂತು. ಹದಿನಾಲ್ಕರಲ್ಲಿ ಹದಿಮೂರು ಜನರ ಸೋಂಕು ಹೋಗಿತ್ತು. ಉಳಿದಿದ್ದವರು ನಮ್ಮ ಅತ್ತೆ.

ಡಾಕ್ಟರು ಫೋನಿನಲ್ಲಿ ಹೇಳಿದರು, “ತಡವಾಗಿ ತಗುಲಿರಬೇಕು ಮೇಡಂ. ಇನ್ನೂ ಏಳು ದಿನ ಇದೆ.” ನಿಯಮದಲ್ಲಿ ಏಳು ದಿನದ ಮೇಲೆ ಒಂದು ದಿನವೂ ಇರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಏಳು ದಿನ ಊರಿನ ಸೊಸೆಯರು ಒಬ್ಬೊಬ್ಬರಾಗಿ ಏನೋ ನೆಪ ಹೂಡಿ ನಮ್ಮ ಮನೆಗೆ ಬಂದು ಹೋದರು. ಒಬ್ಬಳು ಕೆರೆಯ ಬಸವನಹುಳು ತಂದಳು, ಇನ್ನೊಬ್ಬಳು ನೆನೆಸಿದ ಭತ್ತ. ಬಾತುಕೋಳಿ ಎಂದು ಬರೆದದ್ದಕ್ಕೆ ನನ್ನ ಮೇಲೆ ಇನ್ನೂ ಕೋಪವಿದ್ದ ಚಾವಡಿಯ ಆ ಅಜ್ಜಿಯೂ ಬಂದಳು. “ನಿನಗಲ್ಲ ಕಣೇ, ನಿಮ್ಮತ್ತೆಗೆ,” ಎಂದು ಎಳೆ ಸೊಪ್ಪಿನ ಕಟ್ಟು ಕೊಟ್ಟು ಹೋದಳು.

ಇಪ್ಪತ್ತೊಂದನೆಯ ದಿನ ತೆಗೆದ ಮಾದರಿಯ ಉತ್ತರ ಬರಲು ಮೂರು ದಿನ ಬೇಕು. ಮೂರನೆಯ ದಿನ ಹನ್ನೊಂದು ಗಂಟೆಗೆ ಲ್ಯಾಬಿನ ಫೋನ್ ಹೊಡೆದುಕೊಂಡಿತು. ಕಿಟಕಿಯ ಆಚೆ ಸಣ್ಣೀರಮ್ಮ, ಅವಳ ಹಿಂದೆ ಅರ್ಧ ಊರು.

“ಮೇಡಂ,” ಎಂದರು ಪಾರ್ಶ್ವನಾಥರು, “ನಲವತ್ತೈದಕ್ಕೆ ನಲವತ್ತೈದು. ಯಾರಲ್ಲೂ ಇಲ್ಲ. ನಿಮ್ಮತ್ತೆಯವರಲ್ಲೂ ಇಲ್ಲ.” ಮೊದಲ ಸಲ ಅವರ ಬಾಯಲ್ಲಿ ಆ ಬಹುವಚನ ತಾನಾಗಿ ಬಂತು.

ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಮುಖ ನೋಡಿ ಸಣ್ಣೀರಮ್ಮ ಕೂಗು ಹಾಕಿದಳು. ಆ ಕೂಗು ಕೆರೆಯವರೆಗೂ ಹೋಗಿ ಅಲ್ಲಿದ್ದ ನಿಜವಾದ ಹಕ್ಕಿಗಳೆಲ್ಲ ಎದ್ದುಬಿಟ್ಟವು.

ಮುನಿಸು ಮುರಿಯುವ ಶಾಸ್ತ್ರ ಮರುದಿನ ಬೆಳಿಗ್ಗೆ. ಮಣೆಗಳು ಹಿತ್ತಿಲಿನಿಂದ ಅಡುಗೆಮನೆಯ ಬಾಗಿಲಿಗೆ ಬಂದವು. ಈಗ ಪ್ರತಿ ಮಣೆಯ ಪಕ್ಕದಲ್ಲಿ ಒಂದು ಚೆಂಬು ನೀರು, ಒಂದು ಸೋಪು. ಪಾದ ಮುಟ್ಟಬೇಕು, ಕೈ ತೊಳೆಯಬೇಕು, ಆಮೇಲೆ ಕಣ್ಣಿಗೆ ಒತ್ತಿಕೊಳ್ಳಬೇಕು. ಕೈ ತೊಳೆಯುವಾಗ ಅತ್ತೆಯ ಹೆಸರನ್ನು ಏಳು ಸಲ ಹೇಳಬೇಕೆಂದು ಚೆಲುವಯ್ಯನವರು ಸೇರಿಸಿದರು. ನಾನು ಗಡಿಯಾರ ಇಟ್ಟು ನೋಡಿದೆ, ಸರಿಯಾಗಿ ಇಪ್ಪತ್ತು ಸೆಕೆಂಡು. ಮೂಗು ಸೋರಿದರೆ ಸೆರಗು ಬೇಡ, ಲ್ಯಾಬಮ್ಮನಿಗೆ ಹೇಳಿಕಳಿಸಬೇಕು. ಕೆಲವು ಹುಡುಗಿಯರು ಪವರ್ ಇಲ್ಲದ ಕನ್ನಡಕವನ್ನೂ ತರಿಸಿಕೊಂಡಿದ್ದಾರೆ. ಚೆನ್ನಾಗಿ ಕಾಣುತ್ತದಂತೆ.

ಊರಿನ ಎಲ್ಲ ಅತ್ತೆಯರೂ ಆ ಬೆಳಿಗ್ಗೆ ಸೊಸೆಯರ ನಮಸ್ಕಾರ ಸ್ವೀಕರಿಸಿದರು, ಒಬ್ಬರನ್ನು ಬಿಟ್ಟು. ನಾನು ಬಗ್ಗಿದ ಕೂಡಲೇ ನಮ್ಮ ಅತ್ತೆ ಪಾದ ಹಿಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು. ಮರುದಿನವೂ ಹಾಗೇ. ಮೂರನೆಯ ದಿನ ಡಾಕ್ಟರು ಆಚೆ ದಡದಿಂದ ಫೋನ್ ಮಾಡಿ ವಿಚಾರಿಸಿದರು. “ಲಕ್ಷಣ ಏನಾದರೂ ಉಳಿದಿದೆಯಾ ಮೇಡಂ?”

“ಮುನಿಸು ಒಂದು ಉಳಿದಿದೆ,” ಎಂದೆ.

“ಅದಕ್ಕೆ ನನ್ನ ಹತ್ತಿರ ನಮೂನೆ ಇಲ್ಲ,” ಎಂದರು.

ಒಂಬತ್ತನೆಯ ದಿನ ಅನ್ನಕ್ಕೆ ಇಟ್ಟು ಒಲೆಯ ಮುಂದೆ ನಿಂತಿದ್ದೆ. ಬೆನ್ನ ಹಿಂದೆ ಪಟಪಟ ಹೆಜ್ಜೆ ಸದ್ದಾಯಿತು. ನಾನು ತಿರುಗಲಿಲ್ಲ. ನನ್ನನ್ನು ಒಂದು ಸುತ್ತು ಹಾಕಿ, ಸ್ವಲ್ಪ ಯೋಚಿಸಿ, ನನ್ನ ಬಲಗಾಲಿನ ಮೇಲೆ ಹತ್ತಿ ಕೂತರು. ಅನ್ನ ತಳ ಹಿಡಿಯುವ ವಾಸನೆ ಬರತೊಡಗಿತು. ಮಾದೇಶ ಬಾಗಿಲಲ್ಲಿ ನಿಂತು, “ಒಲೆ ಆರಿಸೇ, ಕಾಲು ತೆಗೆದು ಆರಿಸೇ!” ಎನ್ನುತ್ತಿದ್ದ.

“ನೀವೇ ಬಂದು ಆರಿಸ್ರೀ,” ಎಂದೆ. “ಒಂದು ಮಾತಿಗೆ ಒಂದು ತಿಂಗಳು ಮುನಿಸು ಹಿಡಿದವರು. ಹಕ್ಕಿಯಾಗಿದ್ದರೆ ಮರುದಿನವೇ ಮರೆತುಬಿಡುತ್ತಿರಲಿಲ್ಲವಾ?”